ಸಣ್ಣ ಶೂಟ್‌ನಲ್ಲಿ ಫೆಸೆಂಟ್‌ಗಳಿಗೆ ಮೇವು, ನೀರು, ನೆಲೆ: ಜುಲೈನಿಂದ ಮೇ ತನಕದ ಕೆಲಸ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಎಂಟ್ಹತ್ತು ಮಂದಿ ಸೇರಿ ಚಂದಾ ಹಾಕಿ, ರೈತರಿಂದ ಒಂದಿಷ್ಟು ಕಾಡು-ಹೊಲದ ಹಕ್ಕು ಪಡೆದು ನಡೆಸುವ ಸಣ್ಣ ಸಿಂಡಿಕೇಟ್ ಶೂಟ್‌ಗಳು ಬಹಳ. ಶೂಟ್ ಎಂದರೆ ಫೆಸೆಂಟ್ ಎಂಬ ಕಾಡುಕೋಳಿಯಂಥ ಹಕ್ಕಿಗಳನ್ನು ಕಾಡಿಗೆ ಬಿಟ್ಟು, ಮೇವು ಹಾಕಿ, ಋತುವಿನಲ್ಲಿ ಬಂದೂಕಿನಿಂದ ಬೇಟೆಯಾಡುವ ಕೂಟ. ದೊಡ್ಡ ಎಸ್ಟೇಟ್‌ಗಳಲ್ಲಿರುವಂತೆ ಅಲ್ಲಿ ಹಕ್ಕಿ ನೋಡಿಕೊಳ್ಳಲು ಸಂಬಳದ ಕೀಪರ್ ಇರುವುದಿಲ್ಲ. ಸದಸ್ಯರೇ ಸರದಿ ಹಾಕಿಕೊಂಡು, ಕೆಲಸಕ್ಕೆ ಹೋಗುವ ಮುಂಚೆ ಹಕ್ಕಿಗಳಿಗೆ ಕಾಳು ಹಾಕಿ ಹೋಗುತ್ತಾರೆ. ಈ ಮಾರ್ಗದರ್ಶಿ ಅಂಥವರಿಗೆ, ಅದರಲ್ಲೂ ಅಲ್ಲಿ ನೆಲೆಸಿ ಇಂಥ ಶೂಟ್‌ಗೆ ಹೊಸದಾಗಿ ಸೇರಿರುವ ಕನ್ನಡಿಗರಿಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಕೋಳಿ, ಕೌಜುಗಗಳ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಹೇಳಿರುವುದು ಯಾವುದೂ ಊರಿಗೆ ಬಂದಾಗ ಮಾಡಿ ನೋಡುವಂಥದ್ದಲ್ಲ.

ಲೆಕ್ಕಗಳೆಲ್ಲ 400 ಫೆಸೆಂಟ್‌ಗಳಿಗೆ. ನಿಮ್ಮಲ್ಲಿ ಹೆಚ್ಚು ಕಡಿಮೆ ಇದ್ದರೆ ಅದೇ ಅಳತೆಯಲ್ಲಿ ಹಿಗ್ಗಿಸಿ, ಕುಗ್ಗಿಸಿ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಪೆನ್ನಿನಿಂದ (ಮರಿಗಳನ್ನು ಬಿಡುವ, ಬಲೆ ಕಟ್ಟಿದ ಆವರಣ) ಹೊರಬಿದ್ದ ಫೆಸೆಂಟ್ ಕಾನೂನಿನ ಕಣ್ಣಿನಲ್ಲಿ ಕಾಡುಹಕ್ಕಿ. ಅದು ಪಕ್ಕದವರ ಜಮೀನಿಗೆ ನಡೆದು ಹೋದರೆ ನೀವು ವಾಪಸ್ ಕೇಳುವಂತಿಲ್ಲ. ಬಿಟ್ಟ ಹಕ್ಕಿಗಳಲ್ಲಿ ಶೂಟ್ ದಿನಗಳಲ್ಲಿ ಕೈಗೆ ಸಿಗುವುದು ಸಾಮಾನ್ಯವಾಗಿ ಹತ್ತಕ್ಕೆ ಮೂರು-ನಾಲ್ಕು ಮಾತ್ರ. ಉಳಿದವುಗಳಲ್ಲಿ ನರಿಯ ಪಾಲೂ ಇದೆ, ರಸ್ತೆಯ ಪಾಲೂ ಇದೆ. ಆದರೆ ದೊಡ್ಡ ಪಾಲು ಸುಮ್ಮನೆ ನಡೆದು ಹೋಗುತ್ತದೆ. ಫೆಸೆಂಟ್ ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕಾಳು, ಹತ್ತಿರದಲ್ಲೇ ನೀರು, ಗಾಳಿ ತಾಗದ ಬೆಚ್ಚಗಿನ ಮರೆ, ರಾತ್ರಿ ಕೂರಲು ಕೊಂಬೆ, ಜೊತೆಗೆ ನೆಮ್ಮದಿ. ಈ ಐದರಲ್ಲಿ ಒಂದು ತಪ್ಪಿದರೂ ಅದು ಕಾಲಿಗೆ ಬುದ್ಧಿ ಹೇಳುತ್ತದೆ.

ಪೆನ್: ಜುಲೈಗೆ ಮೊದಲೇ ಮುಗಿಯಬೇಕಾದ ಕೆಲಸ

ಗೇಮ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಷನ್ ಟ್ರಸ್ಟ್ ಎಂಬ ಬ್ರಿಟನ್ನಿನ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಒಂದು ಹೆಕ್ಟೇರ್ ರಿಲೀಸ್ ಪೆನ್ನಿಗೆ 1,000 ಹಕ್ಕಿ ಮೀರಬಾರದು. ಹಳೆಯ ಸಹಜ ಕಾಡಾದರೆ 700. ನಮ್ಮ ಅಳತೆಯಲ್ಲಿ ಗುಂಟೆಗೆ ಹತ್ತು ಹಕ್ಕಿ. ಅಂದರೆ 400 ಹಕ್ಕಿಗೆ ಒಂದು ಎಕರೆ, ಸುತ್ತಳತೆ ಸುಮಾರು 250 ಮೀಟರ್. ಬಲೆಯ ಖರ್ಚು ಉಳಿಸಲು ಅರ್ಧ ಎಕರೆಯಲ್ಲಿ ತುಂಬಿದರೆ ಎರಡು ನಷ್ಟ. ಕಾಡಿನ ನೆಲದ ಗಿಡಗಳೆಲ್ಲ ತುಳಿದು ಹಾಳಾಗುತ್ತವೆ, ಹಿಕ್ಕೆ ದಟ್ಟವಾಗಿ ಬಿದ್ದು ರೋಗವೂ ಬೇಗ ಹರಡುತ್ತದೆ.

ಜಾಗ ಹೀಗಿರಲಿ: ಮೂರರಲ್ಲಿ ಒಂದು ಪಾಲು ರಾತ್ರಿ ಕೂರಲು ಅಡ್ಡಕೊಂಬೆಗಳಿರುವ ಮರ, ಇನ್ನೊಂದು ಪಾಲು ಮುಳ್ಳುಪೊದೆ-ಕುರುಚಲು, ಮತ್ತೊಂದು ಪಾಲು ಬಿಸಿಲು ಬೀಳುವ ಬಯಲು. ಸಣ್ಣ ಶೂಟ್‌ಗಳಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ಈ ಬಿಸಿಲಿಗೇ. ಮಳೆಯಲ್ಲಿ ನೆಂದ ಮರಿಹಕ್ಕಿ ಒಣಗಲು ಜಾಗವಿಲ್ಲದ ಕತ್ತಲ ಕಾಡಿನ ಪೆನ್ನಿನಲ್ಲಿ ಸಾವು ಹೆಚ್ಚು. ಅಗತ್ಯ ಬಿದ್ದರೆ ರೈತರನ್ನು ಕೇಳಿ ನಾಲ್ಕೈದು ಮರ ತೆಗೆಸಿ. ಕೂರಲು ಎತ್ತರದ ಮರಗಳೇ ಇದ್ದು ತಗ್ಗಿನ ಕೊಂಬೆಗಳಿಲ್ಲದಿದ್ದರೆ ಎರಡು ಮರಗಳ ನಡುವೆ ಒಂದೂವರೆ ಮೀಟರ್ ಎತ್ತರದಲ್ಲಿ ಗಳು ಕಟ್ಟಿ. ಮೊದಲ ಎರಡು ವಾರ ಹಕ್ಕಿ ಹತ್ತಲು ಕಲಿಯುವುದು ಅದರ ಮೇಲೆಯೇ.

ಬಲೆ ಎರಡು ಮೀಟರ್ ಎತ್ತರ. ಕೆಳಗಿನ ಅಂಚನ್ನು 30ರಿಂದ 45 ಸೆಂ.ಮೀ. ಹೊರಕ್ಕೆ ಮಡಿಸಿ ಮಣ್ಣಿನಲ್ಲಿ ಮುಚ್ಚಿ ಅಥವಾ ಗೂಟ ಹೊಡೆದು ಬಿಗಿಮಾಡಿ. ನರಿ ಬಲೆಯ ಬುಡದಲ್ಲೇ ಕೆರೆಯುತ್ತದೆ, ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸುಲಭಕ್ಕೆ ಬರುವುದಿಲ್ಲ. ಮೇಲಿನ 45 ಸೆಂ.ಮೀ. ಹೊರಕ್ಕೆ ಜೋಲುವಂತೆ ಸಡಿಲ ಬಿಡಿ, ಹತ್ತಿ ಬರುವ ನರಿಗೆ ಹಿಡಿತ ಸಿಗಬಾರದು. ಬಲೆಯಿಂದ ಅರ್ಧ ಮೀಟರ್ ಹೊರಗೆ, ನೆಲದಿಂದ 15 ಮತ್ತು 30 ಸೆಂ.ಮೀ. ಎತ್ತರದಲ್ಲಿ ಎರಡು ಎಳೆ ವಿದ್ಯುತ್ ತಂತಿ. ಇದರ ಕೆಳಗಿನ ಹುಲ್ಲನ್ನು ಸವರುತ್ತಲೇ ಇರಬೇಕು. ಹುಲ್ಲು ತಾಗಿದರೆ ಕರೆಂಟ್ ಭೂಮಿಗೆ ಇಳಿಯುತ್ತದೆ, ಬೇಲಿ ಇದ್ದೂ ಇಲ್ಲದಂತೆ. ಟೆಸ್ಟರ್‌ನಲ್ಲಿ 4,000 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ಅಂದೇ ಸರಿಮಾಡಿ, ನಾಳೆಗೆ ಬಿಡಬೇಡಿ.

ಪೆನ್ನಿಗೆ ಚೂಪು ಮೂಲೆ ಇರಬಾರದು. ಬೆದರಿದ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಪ್ರತಿ ತಿರುವನ್ನೂ ದುಂಡಗೆ ಕಟ್ಟಿ.

ಇನ್ನು ಮರುಪ್ರವೇಶದ ಬಾಗಿಲು. ಹಾರಿ ಹೊರಬಿದ್ದ ಮರಿ ಒಳಗಿರುವ ಗೆಳೆಯರನ್ನು ನೋಡುತ್ತಾ ಬಲೆಯುದ್ದಕ್ಕೂ ಓಡಾಡುತ್ತದೆ. ಅದು ಒಳಬರಲು ಸುಮಾರು 50 ಮೀಟರ್‌ಗೊಂದರಂತೆ ಬಲೆಯಿಂದಲೇ ಮಾಡಿದ ಕೊಳವೆ ಇಡಬೇಕು. ಹೊರಬಾಯಿ ಅಗಲ, ಒಳಬಾಯಿ ಕಿರಿದು. ಹೊರಬಾಯಿಗೆ 9 ಸೆಂ.ಮೀ. ಅಂತರದ ಕಬ್ಬಿಣದ ಸರಳುಗಳ ಚೌಕಟ್ಟು, ಹಕ್ಕಿ ನುಸುಳುತ್ತದೆ, ನರಿ ನುಸುಳದು. ಬಾಯಿಯ ಎರಡೂ ಕಡೆ ಗಿಡ್ಡ ಬಲೆಯನ್ನು ರೆಕ್ಕೆಯಂತೆ ಹೊರಕ್ಕೆ ಚಾಚಿ ಕಟ್ಟಿದರೆ ಬಲೆಗುಂಟ ಬರುವ ಹಕ್ಕಿ ತಾನಾಗಿ ಕೊಳವೆಯೊಳಕ್ಕೆ ತಿರುಗುತ್ತದೆ. ವಿದ್ಯುತ್ ತಂತಿ ಕೊಳವೆಯ ಬಾಯಿಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಸಣ್ಣದೆನಿಸುವ ಈ ತಪ್ಪಿನಿಂದಲೇ ಬಹಳ ಹಕ್ಕಿ ಹೊರಗೇ ಉಳಿದು ರಾತ್ರಿ ನರಿಯ ಪಾಲಾಗುತ್ತವೆ.

ಕಾಗದಪತ್ರದ ವಿಷಯ ಚುಟುಕಾಗಿ: ಒಂದೇ ಹಕ್ಕಿ ಸಾಕಿದರೂ ನೋಂದಣಿ ಮಾಡಿಸಬೇಕೆಂಬ ನಿಯಮ ಸ್ಕಾಟ್ಲೆಂಡಿನಲ್ಲಿ 2024ರ ಸೆಪ್ಟೆಂಬರ್ 1ರಿಂದ, ಇಂಗ್ಲೆಂಡ್-ವೇಲ್ಸ್‌ನಲ್ಲಿ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಮ್ಮ ಕಾಡು ಸಂರಕ್ಷಿತ ನಿಸರ್ಗತಾಣದೊಳಗೆ ಅಥವಾ ಅದರ ಅಂಚಿನಲ್ಲಿದ್ದರೆ ಹಕ್ಕಿ ಬಿಡುವುದಕ್ಕೂ, ಮೇವು ಹಾಕುವುದಕ್ಕೂ ಅನುಮತಿ ಬೇಕಾಗಬಹುದು. ಇಂಗ್ಲೆಂಡಿನಲ್ಲಾದರೆ ಸರ್ಕಾರದ ನಿಸರ್ಗ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನಲ್ಲಿ ವಿಚಾರಿಸಿ. ಹಕ್ಕಿಜ್ವರದ ನಿರ್ಬಂಧಗಳು ವರ್ಷ ವರ್ಷ ಬದಲಾಗುವುದರಿಂದ ಮರಿಗಳಿಗೆ ಮುಂಗಡ ಕೊಡುವ ಮೊದಲೇ ಇದನ್ನೆಲ್ಲ ಮುಗಿಸಿ.

ಮರಿಗಳು ಬರುವ ದಿನ

ಪೋಲ್ಟ್ ಎಂದು ಕರೆಯುವ ಆರೇಳು ವಾರದ ಮರಿಗಳು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ ಬರುತ್ತವೆ. ದಿನಾಂಕವನ್ನು ಹವಾಮಾನ ನೋಡಿ ನಿಗದಿಮಾಡಿ, ಕನಿಷ್ಠ ಮೂರು ದಿನ ಒಣಹವೆ ಇರಬೇಕು. ಈ ವಯಸ್ಸಿನ ಗರಿ ಮಳೆಗೆ ತಡೆಯುವುದಿಲ್ಲ. ಮಳೆ ಬರುವ ಮುನ್ಸೂಚನೆ ಇದ್ದರೆ ಫಾರ್ಮಿನವರಿಗೆ ಫೋನ್ ಮಾಡಿ ಎರಡು ದಿನ ಮುಂದೂಡಿ. ಅದಕ್ಕೆ ಒಪ್ಪದವರಿಂದ ಮುಂದಿನ ವರ್ಷ ಮರಿ ಕೊಳ್ಳಬೇಡಿ.

ಕ್ರೇಟ್‌ಗಳು ಬೆಳಿಗ್ಗೆಯೇ ಬರಲಿ, ಹಕ್ಕಿಗೆ ಕತ್ತಲಾಗುವ ಮುನ್ನ ಜಾಗ ಪರಿಚಯವಾಗಲು ಇಡೀ ಹಗಲು ಬೇಕು. ಕ್ರೇಟ್‌ಗಳನ್ನು ಪೆನ್ನಿನ ನಡುಭಾಗದಲ್ಲಿ, ನೀರು-ಮೇವಿನ ಪಕ್ಕ ಇಳಿಸಿ. ಎಣಿಸುವಾಗ ಒಂದೊಂದು ಹಕ್ಕಿಯ ಕಣ್ಣು, ಮೂಗು, ಕಾಲು ನೋಡಿ. ಒಂದನ್ನೊಂದು ಕುಕ್ಕದಂತೆ ಕೊಕ್ಕಿಗೆ ಹಾಕಿದ್ದ ಪ್ಲಾಸ್ಟಿಕ್ ಬಿಟ್ ತೆಗೆದಿದ್ದಾರೆಯೇ ನೋಡಿ, ಉಳಿದಿದ್ದರೆ ಆಗಲೇ ತೆಗೆಯಬೇಕು. ಒಂದು ಕಡೆಯ ರೆಕ್ಕೆಯ ಹಾರುಗರಿಗಳನ್ನು ಮಾತ್ರ ಕತ್ತರಿಸಿದ್ದರೆ ಹಕ್ಕಿ ಸಮತೋಲ ತಪ್ಪಿ ಬಲೆ ದಾಟಲಾರದು. ಗರಿ ಮತ್ತೆ ಬರಲು ಕೆಲವು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಅದಕ್ಕೆ ಈ ಕಾಡೇ ಮನೆ ಅನಿಸಿರುತ್ತದೆ. ಮುಚ್ಚಳ ತೆಗೆದು ಹಿಂದೆ ಸರಿದು ನಿಲ್ಲಿ, ತಾವಾಗಿ ಇಳಿದು ಬರಲಿ. ಕ್ರೇಟ್ ಬೋರಲು ಹಾಕಿ ಸುರಿಯುವುದು, ನಾಯಿಯನ್ನು ಒಳಗೆ ಬಿಡುವುದು, ಸದಸ್ಯರ ಮನೆಮಂದಿಯೆಲ್ಲ ನೋಡಲು ಬಂದು ಬಲೆಯ ಸುತ್ತ ನಿಲ್ಲುವುದು ಬೇಡವೇ ಬೇಡ.

ಮೊದಲ ವಾರ ಸಂಜೆ ಹೊತ್ತು ಮುಳುಗುವ ಮುಂಚೆ ಬಲೆಯ ಹೊರಗೆ ಒಂದು ಸುತ್ತು ನಿಧಾನ ನಡೆಯಿರಿ. ಹೊರಗಿರುವ ಹಕ್ಕಿಗಳನ್ನು ಮೆಲ್ಲಗೆ ಕೊಳವೆಯ ಕಡೆ ನಡೆಸಿ. ಒಳಗೆ ಹಕ್ಕಿಗಳು ಚದುರಿ ಮೇಯುತ್ತಾ, ಮಣ್ಣಿನಲ್ಲಿ ಹೊರಳಾಡುತ್ತಾ, ಒಂದೊಂದಾಗಿ ಗಳು-ಕೊಂಬೆ ಏರುತ್ತಿದ್ದರೆ ಎಲ್ಲ ಸರಿಯಿದೆ. ಎಲ್ಲವೂ ಒಂದೇ ಬದಿಯ ಬಲೆಗೆ ಅಂಟಿಕೊಂಡು ಅತ್ತಿತ್ತ ಓಡುತ್ತಿದ್ದರೆ ಕಾರಣ ಹುಡುಕಿ. ಸಾಮಾನ್ಯವಾಗಿ ಅದು ನೀರು ಖಾಲಿಯಾಗಿರುವುದು, ಮೇವು ಸಾಲದಿರುವುದು, ಇಲ್ಲವೇ ಹಿಂದಿನ ರಾತ್ರಿ ಏನೋ ಬಂದು ಹೋಗಿರುವುದು.

ಗೂಬೆ ಮತ್ತು ಗಿಡುಗಗಳ ಕಾಟ ಇದ್ದೇ ಇರುತ್ತದೆ. ಇವೆಲ್ಲ 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯ ರಕ್ಷಣೆಯಲ್ಲಿವೆ, ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಮೈದಾನದಂತೆ ಬೋಳಾದ ಪೆನ್ನಿನಲ್ಲಿ ಗಿಡುಗಕ್ಕೆ ಹಬ್ಬ. ಮೇವಿನ ಜಾಗದಿಂದ ಎರಡು ಮಾರು ದೂರದೊಳಗೆ ಓಡಿ ಅವಿತುಕೊಳ್ಳಲು ಕಡಿದ ಕೊಂಬೆಗಳ ಗುಡ್ಡೆ ಇದ್ದರೆ ನಷ್ಟ ಬಹಳ ಇಳಿಯುತ್ತದೆ. ರಾತ್ರಿ ಗೂಬೆಗೆ ಮಿನುಗುವ ದೀಪ, ರೇಡಿಯೋ ಕೆಲದಿನ ಕೆಲಸ ಮಾಡುತ್ತವೆ. ಜಾಗ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಅದಕ್ಕೂ ರೂಢಿಯಾಗುತ್ತದೆ.

ಪೆಲೆಟ್‌ನಿಂದ ಗೋಧಿಗೆ

ಮರಿ ಬರುವಾಗ ತಿನ್ನುತ್ತಿದ್ದ ಪೆಲೆಟ್ (ಗುಳಿಗೆಯಂತೆ ಒತ್ತಿದ ಮೇವು) ಯಾವುದೆಂದು ಫಾರ್ಮಿನವರನ್ನು ಕೇಳಿ ಅದನ್ನೇ ತರಿಸಿಡಿ. ಜಾಗವೂ ಹೊಸದು, ಊಟವೂ ಹೊಸದಾದರೆ ಹಕ್ಕಿ ಎರಡು ದಿನ ಉಪವಾಸ ಬೀಳುತ್ತದೆ. ಏಳು ವಾರದ ಮರಿ ದಿನಕ್ಕೆ ಸುಮಾರು 60-70 ಗ್ರಾಂ ತಿನ್ನುತ್ತದೆ. ಅಂದರೆ 400 ಹಕ್ಕಿಗೆ 24-28 ಕೆ.ಜಿ., ದಿನಕ್ಕೆ ಹೆಚ್ಚುಕಡಿಮೆ ಒಂದು ಚೀಲ. ಮೊದಲ ದಿನಗಳಲ್ಲಿ ಹಾಪರ್ (ಹಕ್ಕಿ ಕುಕ್ಕಿದಾಗ ಮೇವು ಸಿಗುವ ಡ್ರಮ್) ಜೊತೆಗೆ ಉದ್ದನೆಯ ತೊಟ್ಟಿಗಳಲ್ಲೂ, ಹಲಗೆಯ ಮೇಲೂ ಸುರಿದಿಡಿ. 25-30 ಹಕ್ಕಿಗೆ ಒಂದು ತಿನ್ನುವ ಜಾಗ ಬೇಕು. ಇಲ್ಲದಿದ್ದರೆ ಬಲವಾದ ಹುಂಜಗಳು ತಿಂದು, ಸಣ್ಣ ಹೇಂಟೆಗಳು ಹಸಿದು ಹೊರಬೀಳುತ್ತವೆ.

ಗೋಧಿಗೆ ಬದಲಿಸುವುದು ನಿಧಾನವಾಗಲಿ. ಒಂಬತ್ತನೇ ವಾರದವರೆಗೆ ಪೂರ್ತಿ ಪೆಲೆಟ್. ಆಮೇಲೆ ಹತ್ತರಲ್ಲಿ ಒಂದು ಪಾಲು ಗೋಧಿ, ನಾಲ್ಕೈದು ದಿನ ಬಿಟ್ಟು ಕಾಲುಪಾಲು, ಮತ್ತೆ ಅರ್ಧ, ಹನ್ನೆರಡನೇ ವಾರದ ಹೊತ್ತಿಗೆ ಪೂರ್ತಿ ಗೋಧಿ. ಗೋಧಿ ಅಗ್ಗ ಎಂದು ಆತುರಪಡುವವರೇ ಜಾಸ್ತಿ. ಪೆಲೆಟ್‌ನಲ್ಲಿ ನೂರಕ್ಕೆ ಹದಿನೆಂಟರ ಆಸುಪಾಸು ಪ್ರೋಟೀನ್ ಇರುತ್ತದೆ, ಗೋಧಿಯಲ್ಲಿ ಹತ್ತು-ಹನ್ನೆರಡು. ಗರಿ ಬೆಳೆಯುವ ಈ ಹೊತ್ತಿನಲ್ಲಿ ಪ್ರೋಟೀನ್ ತಪ್ಪಿದರೆ ಹಕ್ಕಿ ಒಂದರ ಗರಿ ಇನ್ನೊಂದು ಕೀಳುತ್ತದೆ, ಮಳೆಗೆ ನೆನೆಯುತ್ತದೆ, ಹುಳು-ಹುಪ್ಪಟೆ ಹುಡುಕಿಕೊಂಡು ಅಲೆಯುತ್ತದೆ. ಇಲ್ಲಿ ಉಳಿಸಿದ ನಾಲ್ಕು ಚೀಲದ ದುಡ್ಡು ಅಕ್ಟೋಬರ್‌ನಲ್ಲಿ ಎರಡರಷ್ಟಾಗಿ ಹೋಗುತ್ತದೆ. ಇಡೀ ಗೋಧಿ ಶುರುಮಾಡುವಾಗ ಗಟ್ಟಿ ನುರುಜುಕಲ್ಲು ಒಂದು ತಟ್ಟೆಯಲ್ಲಿ ಬೇರೆ ಇಡಿ, ಕಾಳನ್ನು ಹೊಟ್ಟೆಯೊಳಗೆ ಅರೆಯಲು ಅದು ಬೇಕು.

ಬೆಳೆದ ಫೆಸೆಂಟ್‌ಗೆ ದಿನಕ್ಕೆ 70-100 ಗ್ರಾಂ ಗೋಧಿ, ಚಳಿ ಹೆಚ್ಚಿದಂತೆ ಮೇಲಿನ ಅಂಕಿ. ಸೆಪ್ಟೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ, ಹಕ್ಕಿ ಕಡಿಮೆಯಾಗುತ್ತಾ ಹೋಗುವುದನ್ನೂ ಲೆಕ್ಕ ಹಿಡಿದರೆ ಸುಮಾರು 3 ಟನ್. ಅಳಿಲು, ಜಿಂಕೆ, ಪಾರಿವಾಳ, ಇಲಿ ತಿನ್ನುವುದೂ ವಸಂತದ ಮೇವೂ ಸೇರಿ 4 ಟನ್ ಇಟ್ಟುಕೊಳ್ಳಿ. ಆಗಸ್ಟ್ ಕಟಾವಿನಲ್ಲಿ ಜಮೀನಿನ ರೈತರಿಂದಲೇ ಕೊಂಡರೆ ಎಲ್ಲರಿಗೂ ಒಳ್ಳೆಯದು. ತೇವಾಂಶ ನೂರಕ್ಕೆ 15ಕ್ಕಿಂತ ಕಡಿಮೆ ಇರಬೇಕು. ಬೂಷ್ಟು ಹಿಡಿದ ಕಾಳಿನಿಂದ ಹಕ್ಕಿಯ ಶ್ವಾಸಕೋಶಕ್ಕೆ ಶಿಲೀಂಧ್ರ ರೋಗ ಬರುತ್ತದೆ, ಅದಕ್ಕೆ ಮದ್ದಿಲ್ಲ. ಬಿತ್ತನೆಗೆಂದು ಬಣ್ಣದ ಔಷಧ ಸವರಿದ ಗೋಧಿಯನ್ನು ಎಂದೂ ಬಳಸಬೇಡಿ.

ನೀರು

ಹಕ್ಕಿ ತಿನ್ನುವ ತೂಕದ ಎರಡರಷ್ಟು ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 400 ಮರಿಗೆ ದಿನಕ್ಕೆ 50-60 ಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು. 1,000 ಲೀಟರ್ ಟ್ಯಾಂಕ್ ಒಂದನ್ನು ಎತ್ತರದಲ್ಲಿಟ್ಟು ಪೈಪಿನ ಮೂಲಕ ಆರೇಳು ಕುಡಿಯುವ ಬಟ್ಟಲುಗಳಿಗೆ ಹರಿಸುವುದು ಸಣ್ಣ ಶೂಟ್‌ಗೆ ಸುಲಭದ ದಾರಿ. ಪೈಪ್ ಬಿಸಿಲಿಗೆ ಬಿದ್ದಿದ್ದರೆ ನೀರು ಕಾದು ಹಕ್ಕಿ ಕುಡಿಯುವುದಿಲ್ಲ, ಎಲೆ-ಮಣ್ಣು ಮುಚ್ಚಿ. ಬಟ್ಟಲುಗಳನ್ನು ದಿನ ಬಿಟ್ಟು ದಿನ ಉಜ್ಜಿ ತೊಳೆಯಿರಿ, ಸುತ್ತ ಕೆಸರಾದರೆ ಜಾಗ ಬದಲಿಸಿ.

ಪೆನ್ನಿನ ಹೊರಗೂ ನೀರಿಡುವುದನ್ನು ಬಹಳ ಶೂಟ್‌ಗಳು ಮರೆಯುತ್ತವೆ. ಸೆಪ್ಟೆಂಬರ್ ಒಣಗಿದ್ದರೆ, ಕಾಳು ತಿಂದ ಹಕ್ಕಿ ನೀರಿಗಾಗಿ ಪಕ್ಕದ ಕಣಿವೆಯ ತೊರೆಗೆ ಇಳಿದು ಅಲ್ಲೇ ಉಳಿದುಬಿಡುತ್ತದೆ. ಪ್ರತಿ ಕವರ್ ಕ್ರಾಪ್ (ಹಕ್ಕಿಯ ಮರೆಗೂ ಮೇವಿಗೂ ಎಂದು ಬಿತ್ತಿದ ಬೆಳೆ) ಹತ್ತಿರ ಒಂದಾದರೂ ಬಟ್ಟಲು ಬೇಕು. ಡಿಸೆಂಬರ್-ಜನವರಿಯಲ್ಲಿ ನೀರು ಹೆಪ್ಪುಗಟ್ಟಿದ ಬೆಳಿಗ್ಗೆ ಮಂಜುಗಡ್ಡೆ ಒಡೆಯುವುದು ಸರದಿಯವರ ಮೊದಲ ಕೆಲಸ.

ಹಾಪರ್ ಕಟ್ಟುವುದು, ಇಡುವುದು

25 ಲೀಟರಿನ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಹತ್ತೊಂಬತ್ತು ಕೆ.ಜಿ. ಗೋಧಿ ಹಿಡಿಸುತ್ತದೆ. 200 ಲೀಟರಿನ ನೀಲಿ ಡ್ರಮ್‌ನಲ್ಲಿ ಸುಮಾರು 150 ಕೆ.ಜಿ. ವಾರಕ್ಕೊಮ್ಮೆ ಮಾತ್ರ ಟ್ರ್ಯಾಕ್ಟರ್ ಹೋಗುವ ದೂರದ ಜಾಗಕ್ಕೆ ದೊಡ್ಡದು, ನಡೆದು ಹೋಗಿ ತುಂಬುವಲ್ಲಿ ಚಿಕ್ಕದು. ಕಾಳು ಬೀಳಲು ಎರಡು ಬಗೆ. ತಳದ ತೂತಿನಲ್ಲಿ ಸ್ಪ್ರಿಂಗ್ ಸುರುಳಿ ತೂಗಿಬಿಟ್ಟರೆ ಹಕ್ಕಿ ಕುಕ್ಕಿದಾಗ ಸುರುಳಿ ಅಲ್ಲಾಡಿ ನಾಲ್ಕು ಕಾಳು ಉದುರುತ್ತವೆ. ಇನ್ನೊಂದು, ಬುಡದ ಬದಿಯಲ್ಲಿ 6-8 ಮಿ.ಮೀ. ಅಗಲದ ಸೀಳು. ಕೊಕ್ಕು ಹಾಕಿದರೆ ಕಾಳು ಸಿಗಬೇಕು, ತಾನಾಗಿ ಸುರಿಯಬಾರದು. ಪೆನ್ನೊಳಗೆ ಮರಿಗಳಿಗೆ ಸೀಳು ಸುಲಭ, ಹೊರಗೆ ಗಾಳಿಮಳೆಗೆ ಸುರುಳಿ ವಾಸಿ ಎಂಬುದು ನಮ್ಮ ಅಭಿಪ್ರಾಯ. ಗಾಳಿಗೇ ಸುರುಳಿ ಅಲ್ಲಾಡಿ ಕಾಳು ಸುರಿಯುತ್ತಿದ್ದರೆ ಸುರುಳಿ ತೀರಾ ಸಡಿಲ ಎಂದರ್ಥ.

ತಿನ್ನುವ ಬಾಯಿ ಹಕ್ಕಿಯ ಬೆನ್ನಿನ ಮಟ್ಟದಲ್ಲಿ, ನೆಲದಿಂದ 30-35 ಸೆಂ.ಮೀ. ಎತ್ತರದಲ್ಲಿರಲಿ. ತಗ್ಗಿದ್ದರೆ ಇಲಿಗೆ, ಬ್ಯಾಜರ್ ಎಂಬ ಕಾಡುಪ್ರಾಣಿಗೆ ಊಟ. ಕಾಲುಗಳನ್ನು ನೆಲಕ್ಕೆ ಹುಗಿದು ಗಟ್ಟಿ ನಿಲ್ಲಿಸಿ, ಬ್ಯಾಜರ್ ನೂಕಿ ಕೆಡವುತ್ತದೆ. ಮುಚ್ಚಳ ಬಿಗಿಯಿಲ್ಲದಿದ್ದರೆ ಮೇಲಿನ ಗೋಧಿ ಮೊಳೆತು ಗಟ್ಟಿ ಪದರವಾಗಿ, ಡ್ರಮ್ ತುಂಬಿದಂತೆ ಕಂಡರೂ ಕೆಳಗೆ ಒಂದು ಕಾಳೂ ಬೀಳುವುದಿಲ್ಲ. ಹೀಗಾಗಿ ಪ್ರತಿ ಭೇಟಿಯಲ್ಲೂ ಸುರುಳಿಯನ್ನು ಕೈಯಿಂದ ಒಮ್ಮೆ ತಟ್ಟಿ ಕಾಳು ಬೀಳುತ್ತದೆಯೇ ನೋಡಿ. ಡ್ರಮ್ ಎತ್ತಿ ತೂಕ ನೋಡಿದರಷ್ಟೇ ಸಾಲದು. ಜಿಂಕೆ ಕಾಟವಿದ್ದರೆ ಸುತ್ತ ಮರದ ಪ್ಯಾಲೆಟ್‌ಗಳನ್ನು ಎತ್ತರಿಸಿ ನಿಲ್ಲಿಸಿ, ಹಕ್ಕಿ ಅಡಿಯಿಂದ ನುಸುಳುತ್ತದೆ.

ಎರಡು-ಮೂರು ವಾರಕ್ಕೊಮ್ಮೆ ಹಾಪರನ್ನು ಹತ್ತಿಪ್ಪತ್ತು ಹೆಜ್ಜೆ ಸರಿಸಿ. ಒಂದೇ ಜಾಗದಲ್ಲಿ ಬಿಟ್ಟರೆ ನೆಲ ಕೆಸರಾಗಿ, ಹಿಕ್ಕೆ ತುಂಬಿ, ಹುಳುವಿನ ಮೊಟ್ಟೆಗಳನ್ನು ಹಕ್ಕಿ ಕಾಳಿನ ಜೊತೆಗೇ ನುಂಗುತ್ತದೆ. ಇಲಿಬಿಲ ಕಂಡರೂ ಸರಿಸುವುದೇ ಮೊದಲ ಮದ್ದು. ಬ್ರೊಮಾಡಿಯೊಲೋನ್, ಡೈಫೆನಾಕೂಮ್‌ನಂಥ ಇಲಿಪಾಷಾಣವನ್ನು ಕಟ್ಟಡಗಳಿಂದ ದೂರದ ಬಯಲಿನಲ್ಲಿ ಬಳಸುವುದು ಬ್ರಿಟನ್ನಿನಲ್ಲಿ 2024ರ ಕೊನೆಗೆ ನಿಂತಿದೆ. ಹಳೆ ಡಬ್ಬಿ ಶೆಡ್ಡಿನಲ್ಲಿದ್ದರೆ ಹಾಪರ್ ಬುಡಕ್ಕೆ ತರಬೇಡಿ. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ.

ಹುಲ್ಲಿನ ದಾರಿ ಮತ್ತು ಶಿಳ್ಳೆ

ಹಾಪರ್ ಹೊಟ್ಟೆ ತುಂಬಿಸುತ್ತದೆ, ಹಕ್ಕಿಯನ್ನು ಹಗಲೆಲ್ಲ ಒಂದೆಡೆ ನಿಲ್ಲಿಸುವುದು ಕೈಯಿಂದ ಚೆಲ್ಲಿದ ಕಾಳು. ತುಂಬಿದ ಹಾಪರಿನ ಮುಂದೆ ಹತ್ತು ನಿಮಿಷದಲ್ಲಿ ಊಟ ಮುಗಿಸಿದ ಹಕ್ಕಿಗೆ ಮುಂದಿನ ಏಳು ಗಂಟೆ ಕೆಲಸವಿಲ್ಲ, ಅಡ್ಡಾಡಲು ಹೊರಡುತ್ತದೆ. ಅದೇ ಕಾಳನ್ನು ಬಾರ್ಲಿ ಹುಲ್ಲಿನಲ್ಲಿ ಚೆಲ್ಲಿದರೆ ಕೆದರಿ ಕೆದರಿ ಹುಡುಕುತ್ತಾ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತದೆ. ನಿತ್ಯ ಹೋಗಲು ಜನವಿಲ್ಲದ ಶೂಟ್‌ಗಳು ಹಾಪರನ್ನು ಆಸರೆಯಾಗಿ ಇಟ್ಟುಕೊಂಡು, ಮುಖ್ಯ ಡ್ರೈವ್‌ಗಳಲ್ಲಿ (ಶೂಟ್ ದಿನ ಹಕ್ಕಿಗಳನ್ನು ಎಬ್ಬಿಸಿ ಹಾರಿಸುವ ಜಾಗಗಳು) ಒಂದೊಂದಾದರೂ ಹುಲ್ಲಿನ ದಾರಿ ನಡೆಸಬೇಕು.

ಕಾಡಿನೊಳಗೆ ಅಥವಾ ಕವರ್ ಕ್ರಾಪ್ ಪಕ್ಕದಲ್ಲಿ, ಗಾಳಿಗೆ ಮರೆಯಾದ, ಬಿಸಿಲು ತಾಗುವ 40-50 ಮೀಟರ್ ಉದ್ದದ ದಾರಿ ಆರಿಸಿ. ಎರಡು ಮೀಟರ್ ಅಗಲಕ್ಕೆ, ಮೊಣಕಾಲಿಗಿಂತ ಕೆಳಗಿನ ದಪ್ಪಕ್ಕೆ ಹುಲ್ಲು ಹಾಸಿ. ದಾರಿಯನ್ನು ಸ್ವಲ್ಪ ಬಳುಕಿಸಿ, ನೇರವಾಗಿದ್ದರೆ ಗಾಳಿಗೂ ಗಿಡುಗಕ್ಕೂ ರಾಜಮಾರ್ಗ. ಬೆಳಕು ಹರಿದು ಅರ್ಧ ಗಂಟೆಯೊಳಗೆ, ಹಕ್ಕಿ ಕೊಂಬೆಯಿಂದ ಇಳಿಯುವ ಹೊತ್ತಿಗೆ, ಬಕೆಟ್ ಹಿಡಿದು ಒಂದೇ ರಾಗದ ಶಿಳ್ಳೆ ಹಾಕುತ್ತಾ ಚೆಲ್ಲುತ್ತಾ ನಡೆಯಿರಿ. ಹತ್ತು ದಿನದೊಳಗೆ ಶಿಳ್ಳೆ ಕೇಳಿದೊಡನೆ ಹಕ್ಕಿಗಳು ಓಡೋಡಿ ಬರಲು ಶುರುಮಾಡುತ್ತವೆ. ಸರದಿಯಲ್ಲಿ ಬರುವವರೆಲ್ಲ ಅದೇ ಶಿಳ್ಳೆ ಹಾಕಬೇಕು, ಅದೇ ಹೊತ್ತಿಗೆ ಬರಬೇಕು. ಒಬ್ಬರು ಆರೂವರೆಗೆ, ಇನ್ನೊಬ್ಬರು ಭಾನುವಾರ ಹತ್ತು ಗಂಟೆಗೆ ಎದ್ದು ಬಂದರೆ, ಆ ಮೂರೂವರೆ ಗಂಟೆಯಲ್ಲಿ ಹಕ್ಕಿ ಪಕ್ಕದವರ ಗೋಧಿಕೂಳೆ ಸೇರಿರುತ್ತದೆ. ನಮ್ಮ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಈ ಸಮಯಪಾಲನೆ.

ಎಷ್ಟು ಚೆಲ್ಲಬೇಕು? ಮರುದಿನ ಬೆಳಿಗ್ಗೆ ಹುಲ್ಲು ಎತ್ತಿ ನೋಡಿ. ಕಾಳು ಗುಡ್ಡೆಯಾಗಿ ಉಳಿದಿದ್ದರೆ ಜಾಸ್ತಿಯಾಯಿತು. ಒಂದೂ ಇಲ್ಲದೆ ಹುಲ್ಲು ದಾರಿಯಾಚೆಗೂ ಚದುರಿದ್ದರೆ ಸಾಲದು. ಅಲ್ಲೊಂದು ಇಲ್ಲೊಂದು ಕಾಳು ಉಳಿದಿರುವುದೇ ಹದ. ಹುಲ್ಲು ಕೊಳೆತು ವಾಸನೆ ಬಂದರೆ ಪಕ್ಕಕ್ಕೆ ಎಳೆದು ಹೊಸದು ಹಾಸಿ.

ಪೆನ್ನಿನಿಂದ ಡ್ರೈವ್‌ಗೆ ಕರೆದೊಯ್ಯುವುದು

ಓಡಿಸಿದ ಫೆಸೆಂಟ್ ಮನೆಯ ಕಡೆಗೆ ಹಾರುತ್ತದೆ. ಶೂಟ್‌ನ ನಕ್ಷೆಯೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ. ರಾತ್ರಿ ಕೂರುವ ಕಾಡು ಮನೆ. ಹಗಲು ಮೇಯುವ ಕವರ್ ಕ್ರಾಪ್ ಅದರಿಂದ 200-400 ಮೀಟರ್ ದೂರದಲ್ಲಿ, ಸಾಧ್ಯವಾದರೆ ಎತ್ತರದಲ್ಲಿ ಇರಬೇಕು. ಬೀಟರ್‌ಗಳು ಅಲ್ಲಿಂದ ಎಬ್ಬಿಸಿದಾಗ ಹಕ್ಕಿ ಕಣಿವೆಯ ಮೇಲೆ ಎತ್ತರದಲ್ಲಿ ಹಾದು ಮನೆಗೆ ಮರಳುತ್ತದೆ.

ಕವರ್ ಕ್ರಾಪ್‌ಗೆ ಮೇ ತಿಂಗಳಲ್ಲಿ ಬಿತ್ತನೆ. ಮುಸುಕಿನ ಜೋಳ ಮೇವೂ ಹೌದು ಮರೆಯೂ ಹೌದು, ಆದರೆ ಜನವರಿ ಗಾಳಿಗೆ ಒರಗುತ್ತದೆ, ಬುಡದಲ್ಲಿ ಚಳಿ. ಕೇಲ್ ಸೊಪ್ಪು ಎರಡು ವರ್ಷ ನಿಲ್ಲುತ್ತದೆ, ಬುಡ ಬೆಚ್ಚಗಿರುತ್ತದೆ. ನಮ್ಮ ಉತ್ತರ ಕರ್ನಾಟಕದ ಜೋಳದ ಜಾತಿಯದೇ ಗಿಡ್ಡ ತಳಿಗಳನ್ನು ಅಲ್ಲಿ ಬರೀ ಮರೆಗಾಗಿ ಬಿತ್ತುತ್ತಾರೆ. ಆ ಚಳಿಗೆ ತೆನೆ ಸರಿಯಾಗಿ ಕಟ್ಟದಿದ್ದರೂ ದಂಟು ಗಾಳಿಗೆ ಬಗ್ಗದೆ ನಿಲ್ಲುತ್ತದೆ. ಅದರ ಜೊತೆಗೆ ಕಾಳಿಗಾಗಿ ಬರಗು, ಊದಲಿನ ಜಾತಿಯ ಸಿರಿಧಾನ್ಯ ಬೆರೆಸುವುದು ರೂಢಿ. ಸಣ್ಣ ಶೂಟ್‌ಗೆ ಅರ್ಧ ಕೇಲ್, ಅರ್ಧ ಜೋಳ-ಸಿರಿಧಾನ್ಯದ ಮಿಶ್ರಣ ಬಿತ್ತುವುದು ಕ್ಷೇಮ, ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ.

ಆಗಸ್ಟ್ ಕೊನೆಗೆ ಹಕ್ಕಿಗಳು ಪೆನ್ನಿನಿಂದ ಹಾರಿ ಹೊರಬರಲು ತೊಡಗಿದಾಗ ಹೊರಬದಿಯಲ್ಲಿ 20-30 ಮೀಟರ್ ದೂರಕ್ಕೆ ಮೊದಲ ಹಾಪರ್‌ಗಳನ್ನಿಡಿ. ಒಳಗಿನವನ್ನು ತೆಗೆಯಬೇಡಿ. ಅಲ್ಲಿ ಕಾಳು ಕರಗತೊಡಗಿದ ಮೇಲೆ ಕವರ್ ಕ್ರಾಪ್ ಕಡೆಗೆ ಬೇಲಿಗಿಡದ ಸಾಲಿಗುಂಟ ಇನ್ನೆರಡು. ಬಯಲಿನಲ್ಲಿ ಹಕ್ಕಿ ನಡೆಯುವುದಿಲ್ಲ, ಮರೆಗುಂಟವೇ ನಡೆಯುತ್ತದೆ. ಆಮೇಲೆ ಬೆಳಗಿನ ಶಿಳ್ಳೆಯ ನಡಿಗೆಯನ್ನು ದಿನಕ್ಕಿಷ್ಟು ಮುಂದೆ ಬೆಳೆಸಿ. ಸೆಪ್ಟೆಂಬರ್ ಮೂರನೇ ವಾರಕ್ಕೆ ಹಕ್ಕಿ ಕ್ರಾಪ್ ಒಳಗೆ ಹಗಲು ಕಳೆಯುತ್ತಿರಬೇಕು. ಒಳಗೆ 30-40 ಹೆಜ್ಜೆಗೊಂದು ಹಾಪರ್ ಸಾಕು. ಹಕ್ಕಿ ಎದ್ದು ಹಾರುವ ತುದಿಯಲ್ಲಿ ಮಾತ್ರ ಹಾಪರ್ ಬೇಡ. ಎಲ್ಲವೂ ಅಲ್ಲೇ ಗುಂಪುಗೂಡಿ, ಶೂಟ್ ದಿನ ಒಮ್ಮೆಗೇ ಬುರ್ರೆಂದು ಎದ್ದು ಹೋಗುತ್ತವೆ. ಕೊನೆಯ ಹಾಪರ್ ತುದಿಯಿಂದ ಕನಿಷ್ಠ 40 ಮೀಟರ್ ಹಿಂದಿರಲಿ.

ಗಡಿಯ ಬೇಲಿಯ ಹತ್ತಿರ ಹಾಪರ್ ಇಡುವುದು ದೊಡ್ಡ ತಪ್ಪು. ‘ಅಲ್ಲಿ ತಡೆಯೋಣ’ ಎಂಬ ಲೆಕ್ಕದಲ್ಲಿ ಇಡುತ್ತಾರೆ. ಆಗುವುದು ಉಲ್ಟಾ: ಹಕ್ಕಿಗೆ ಗಡಿಯ ದಾರಿ ಕಲಿಸಿದಂತಾಗುತ್ತದೆ.

ಮರಳಿ ಒಳಕ್ಕೆ ನಡೆಸುವುದು

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅಂಚಿಗೆ ಹೋದ ಹಕ್ಕಿಗಳನ್ನು ನಾಯಿಯೊಂದಿಗೆ ಒಳಕ್ಕೆ ನಡೆಸಬೇಕು. ಬೆಳಗಿನ ಮೇವಾದ ಒಂದು ಗಂಟೆಗೆ ಒಮ್ಮೆ, ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಇನ್ನೊಮ್ಮೆ. ಗಡಿಯ ಹೊರಬದಿಯಿಂದ ಶುರುಮಾಡಿ ಮನೆಯ ಕಾಡಿನ ಕಡೆಗೆ ಬನ್ನಿ. ನಾಯಿ ನಿಮ್ಮಿಂದ 15 ಮೀಟರ್ ಒಳಗೇ ಇರಬೇಕು. ಹಕ್ಕಿ ನಡೆದು ಹೋಗಲಿ, ಬೆದರಿ ಹಾರದಿರಲಿ. ಹಾರಿದರೆ ಅರ್ಧ ಕಿ.ಮೀ. ಆಚೆ ಇಳಿಯುತ್ತದೆ. ಓಡಿಸಿ ತಂದ ಜಾಗದಲ್ಲಿ ಹಿಡಿ ಕಾಳು ಚೆಲ್ಲಿ. ದಿನವೂ ಒಂದೇ ಮೂಲೆಯಿಂದ ಇಪ್ಪತ್ತು ಮೂವತ್ತು ಹಕ್ಕಿ ಸಿಗುತ್ತಿದ್ದರೆ ಅಲ್ಲಿ ಸೆಳೆತ ಏನಿದೆ ನೋಡಿ: ತೊರೆಯೇ, ಕಟಾವಾದ ಹೊಲವೇ, ಬ್ಲ್ಯಾಕ್‌ಬೆರಿ ಪೊದೆಯೇ?

ಅಕ್ಟೋಬರ್‌ನಲ್ಲಿ ಓಕ್ ಮರದ ಕಾಯಿ ಉದುರುತ್ತದೆ. ಫೆಸೆಂಟ್‌ಗೆ ಅದರ ಮುಂದೆ ಗೋಧಿ ಸಪ್ಪೆ. ಹಾಪರ್‌ನಲ್ಲಿ ಕಾಳು ಇಳಿಯುತ್ತಿಲ್ಲವೆಂದು ಗಾಬರಿಯಾಗಿ ಮೇವು ನಿಲ್ಲಿಸುವವರಿದ್ದಾರೆ. ನಿಲ್ಲಿಸಬೇಡಿ, ಕಡಿಮೆ ಮಾಡಿ. ಕಾಯಿ ಮುಗಿದ ಮೇಲೆ ಹಕ್ಕಿ ಹುಡುಕಿಕೊಂಡು ಬರುವುದು ತಪ್ಪದೆ ಕಾಳು ಸಿಗುತ್ತಿದ್ದ ಜಾಗಕ್ಕೇ. ಶೂಟ್ ದಿನ ಸಿಕ್ಕ ನಾಲ್ಕೈದು ಹಕ್ಕಿಗಳ ಕತ್ತಿನ ಬುಡದ ಆಹಾರಚೀಲ ಕೊಯ್ದು ನೋಡಿ. ಗೋಧಿ, ಓಕ್ ಕಾಯಿ, ಮುಸುಕಿನ ಜೋಳ, ಹಸಿರು ಎಲೆ, ಯಾವುದು ಎಷ್ಟಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನೀವು ಬೆಳೆಯದ ಕಾಳು ಅಲ್ಲಿ ಕಂಡರೆ ಹಕ್ಕಿ ಯಾರ ಹೊಲಕ್ಕೆ ಹೋಗಿ ಬರುತ್ತಿದೆ ಎಂಬುದೂ ಗೊತ್ತಾಗುತ್ತದೆ.

ರೋಗ ಕಂಡರೆ

ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುತ್ತಾ, ಸೀನಿದಂತೆ ತಲೆ ಕೊಡವುತ್ತಿದ್ದರೆ ಗೇಪ್ಸ್ ಹುಳು ಇರಬಹುದು. ಶ್ವಾಸನಾಳದಲ್ಲಿ ಗಂಡು-ಹೆಣ್ಣು ಕೂಡಿಕೊಂಡೇ ಇರುವ, ‘ವೈ’ ಅಕ್ಷರದಂತೆ ಕಾಣುವ ಕೆಂಪು ಹುಳು ಅದು. ಎರೆಹುಳು ತಿಂದರೂ ಬರುತ್ತದೆ, ಹಾಗಾಗಿ ವರ್ಷ ವರ್ಷ ಅದೇ ಪೆನ್ ಬಳಸಿದರೆ ಹೆಚ್ಚು. ಮೇವಿನಲ್ಲಿ ಬೆರೆಸುವ ಫ್ಲುಬೆಂಡಜೋಲ್ ಇದಕ್ಕೆ ಮದ್ದು. ಗರಿ ಉಬ್ಬಿಸಿಕೊಂಡು, ಎದೆಮೂಳೆ ಚೂಪಾಗಿ, ಹಳದಿ ನೊರೆಹಿಕ್ಕೆ ಹಾಕುತ್ತಿದ್ದರೆ ಹೆಕ್ಸಾಮಿಟಾ ಅನುಮಾನ, ಮಳೆಯ ಆಗಸ್ಟ್‌ನಲ್ಲಿ ಹೆಚ್ಚು. ಮುಖ ಊದಿ ಕಣ್ಣು ಮುಚ್ಚಿದ್ದರೆ ಮೈಕೊಪ್ಲಾಸ್ಮಾ. ಅಂದಾಜಿನ ಮೇಲೆ ಔಷಧ ಹಾಕದೆ, ರೋಗ ಹಿಡಿದ ಮೂರ್ನಾಲ್ಕು ಹಕ್ಕಿಗಳನ್ನು ಅಂದೇ ಪಶುವೈದ್ಯರಿಗೆ ತೋರಿಸಿ. ಔಷಧ ಹಾಕಿದ ಮೇಲೆ ಮಾಂಸ ತಿನ್ನಲು ಎಷ್ಟು ದಿನ ಬಿಡಬೇಕೆಂದು ಬರೆಸಿಕೊಳ್ಳಿ. ಒಮ್ಮೆಗೇ ಹಲವು ಹಕ್ಕಿ ಸತ್ತರೆ ಹಕ್ಕಿಜ್ವರ ಎಂದೇ ಭಾವಿಸಿ, ಬರಿಗೈಯಿಂದ ಮುಟ್ಟದೆ, ತಕ್ಷಣ ಸರ್ಕಾರದ ಪಶು ಆರೋಗ್ಯ ಇಲಾಖೆಗೆ ತಿಳಿಸಬೇಕು.

ಪಾರ್ಟ್ರಿಡ್ಜ್ ಬಿಡುವವರಿಗೆ

ಕೆಂಪುಕಾಲಿನ ಪಾರ್ಟ್ರಿಡ್ಜ್ ನಮ್ಮ ಕೌಜುಗದ ನೆಂಟ, ಬಯಲಿನ ಹಕ್ಕಿ, ಒದ್ದೆ ಕಾಡು ಅದಕ್ಕೆ ಆಗದು. ಹನ್ನೆರಡು ವಾರದ ಹಕ್ಕಿಗಳನ್ನು ಕವರ್ ಕ್ರಾಪ್ ಅಂಚಿನಲ್ಲೇ ಚಿಕ್ಕ ಪೆನ್ನುಗಳಲ್ಲಿಟ್ಟು ನಾಲ್ಕೈದರಂತೆ ದಿನ ಬಿಟ್ಟು ದಿನ ಬಿಡಿ. ಕೊನೆಗೆ ಐದಾರನ್ನು ಒಳಗೇ ಉಳಿಸಿಕೊಂಡರೆ ಅವುಗಳ ಕೂಗಿಗೆ ಹೊರಗಿನವು ದೂರ ಹೋಗುವುದಿಲ್ಲ. ಹಾಪರ್ ಬಾಯಿ ಫೆಸೆಂಟ್‌ನದಕ್ಕಿಂತ ತಗ್ಗಿನಲ್ಲಿರಬೇಕು.

ಶೂಟ್ ದಿನ, ಆಮೇಲೆ

ಫೆಸೆಂಟ್ ಋತು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ, ಪಾರ್ಟ್ರಿಡ್ಜ್‌ಗೆ ಸೆಪ್ಟೆಂಬರ್ 1ರಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಕಾನೂನಿನ ಪ್ರಕಾರ ಶೂಟ್ ಇಲ್ಲ. ಋತು ತೆರೆದೊಡನೆ ಶುರುಮಾಡುವ ಅವಸರ ಬೇಡ. ನವೆಂಬರ್ ಮೊದಲ ವಾರದ ಹೊತ್ತಿಗೆ ಹಕ್ಕಿ ಬಲಿತು ಚೆನ್ನಾಗಿ ಹಾರುತ್ತದೆ.

ಶೂಟ್ ಬೆಳಿಗ್ಗೆ ಎಂದಿನ ಹೊತ್ತಿಗೆ, ಎಂದಿನ ಶಿಳ್ಳೆಯೊಂದಿಗೆ, ಎಂದಿಗಿಂತ ಕಡಿಮೆ ಕಾಳು ಚೆಲ್ಲಿ. ಹಕ್ಕಿ ಹುಡುಕುತ್ತಾ ಡ್ರೈವ್ ಒಳಗೇ ಇರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ ಎರಡೂವರೆಯೊಳಗೆ ಕೊನೆಯ ಡ್ರೈವ್ ಮುಗಿಸಿ. ಚದುರಿದ ಹಕ್ಕಿ ನಡೆದು ಮರಳಿ, ಸ್ವಲ್ಪ ತಿಂದು, ಬೆಳಕಿರುವಾಗಲೇ ಕೊಂಬೆ ಏರಬೇಕು. ಇಲ್ಲದಿದ್ದರೆ ನೆಲದ ಮೇಲೆ ರಾತ್ರಿ ಕಳೆದು ನರಿಗೆ ಸಿಗುತ್ತದೆ. ಮನೆಯ ಕಾಡನ್ನು ಋತುವಿನಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಓಡಿಸಬೇಡಿ. ಎರಡು ಶೂಟ್‌ಗಳ ನಡುವೆ ಎರಡು-ಮೂರು ವಾರ ಬಿಡುವು ಕೊಡಿ. ಮರುದಿನ ಬೆಳಿಗ್ಗೆ ಮೇವು ತಪ್ಪಿಸುವುದೇ ಸಣ್ಣ ಶೂಟ್‌ಗಳ ಹಳೆಯ ರೋಗ. ಹಿಂದಿನ ರಾತ್ರಿ ಊಟ-ಮಾತು ತಡವಾಗಿರುತ್ತದೆ, ಯಾರೂ ಏಳುವುದಿಲ್ಲ. ಹಕ್ಕಿಗೆ ಎಂದಿಗಿಂತ ಹೆಚ್ಚು ಭರವಸೆ ಬೇಕಾಗಿರುವುದು ಆ ಬೆಳಿಗ್ಗೆಯೇ. ಶೂಟ್ ಮಾಡದ ಇಬ್ಬರಿಗೆ ಆ ಸರದಿ ಮೊದಲೇ ಹಂಚಿಬಿಡಿ.

ಫೆಬ್ರವರಿ 2ರಂದು ಬಕೆಟ್ ಕೆಳಗಿಡಬೇಡಿ. ಬೇಲಿಗಿಡಗಳಲ್ಲಿ ಹಣ್ಣು, ಹೊಲದಲ್ಲಿ ಕಾಳು ಏನೂ ಉಳಿದಿರದ ಹಸಿವಿನ ಕಾಲ ಫೆಬ್ರವರಿಯಿಂದ ಮೇವರೆಗೆ. ಬದುಕುಳಿದ ಹೇಂಟೆಗಳು ಏಪ್ರಿಲ್‌ನಲ್ಲಿ ಮೊಟ್ಟೆಗೆ ಕೂರುವ ಮುನ್ನ ಮೈ ತುಂಬಿಕೊಳ್ಳಬೇಕು. ಯೆಲ್ಲೊಹ್ಯಾಮರ್‌ನಂಥ ಹೊಲದ ಸಣ್ಣ ಹಕ್ಕಿಗಳೂ ಇದೇ ಹಾಪರ್‌ಗಳಡಿ ಉದುರಿದ ಕಾಳನ್ನು ನಂಬಿರುತ್ತವೆ. ಹಾಪರ್‌ಗಳನ್ನು ಮೂರನೇ ಒಂದು ಪಾಲಿಗೆ ಇಳಿಸಿ, ಬೇಲಿಗಿಡಗಳ ಬುಡಕ್ಕೆ ಚದುರಿಸಿ, ಮೇ ಕೊನೆಯವರೆಗೆ ತುಂಬುತ್ತಿರಿ. ಆಮೇಲೆ ಎಲ್ಲವನ್ನೂ ತಂದು ತೊಳೆದು ಸೋಂಕುನಾಶಕ ಹಾಕಿ ಬಿಸಿಲಿಗೆ ಒಣಗಿಸಿ. ಪೆನ್ನಿನಲ್ಲಿ ಮೇವು-ನೀರಿದ್ದ ಜಾಗಗಳ ಮೇಲುಮಣ್ಣು ಕೆರೆದು ಸುಣ್ಣ ಎರಚಿ, ಬಲೆಯಲ್ಲಿ ತೂತು ಬಿದ್ದಲ್ಲೆಲ್ಲ ಬಣ್ಣದ ದಾರ ಕಟ್ಟಿ ಗುರುತು ಮಾಡಿಡಿ. ಜೂನ್‌ನಲ್ಲಿ ಗಿಡಗಂಟಿ ಎದ್ದ ಮೇಲೆ ಆ ತೂತುಗಳು ಕಣ್ಣಿಗೆ ಬೀಳುವುದಿಲ್ಲ.